ಮೂರು ಲಕ್ಷ ಸೈಟೇಶನ್ ಅಂದರೆ ಏನು? ಒಬ್ಬ ನರವಿಜ್ಞಾನಿಯ ಲೆಕ್ಕ ಬಿಚ್ಚಿ ನೋಡೋಣ

ಲಂಡನ್ನಿನ ಕಾರ್ಲ್ ಫ್ರಿಸ್ಟನ್ ಹೆಸರು ಮಿದುಳಿನ ಸಂಶೋಧನೆ ಮಾಡುವವರನ್ನು ಬಿಟ್ಟರೆ ಹೊರಗೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ನೊಬೆಲ್ ಬಂದಿಲ್ಲ. ಆದರೆ ಸಂಶೋಧನಾ ಪೇಪರ್‌ಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಅವರ ಪುಟ ತೆರೆದು ನೋಡಿ: ಸೈಟೇಶನ್, ಅಂದರೆ ಪೇಪರ್‌ಗಳಲ್ಲಿ ಅವರ ಕೆಲಸದ ಉಲ್ಲೇಖ, ಮೂರು ಲಕ್ಷ ದಾಟಿದೆ, ಎಚ್-ಇಂಡೆಕ್ಸ್ 250 ದಾಟಿದೆ, ಪೇಪರ್‌ಗಳು ಸಾವಿರಕ್ಕೂ ಜಾಸ್ತಿ. 2016ರಲ್ಲಿ ಸೆಮ್ಯಾಂಟಿಕ್ ಸ್ಕಾಲರ್ ಎಂಬ ಹುಡುಕಾಟ ತಾಣ ಪ್ರಭಾವಿ ನರವಿಜ್ಞಾನಿಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಸಿಕ್ಕಿದ್ದು ಇವರಿಗೇ.

ಇಷ್ಟು ದೊಡ್ಡ ಅಂಕಿ ಕಂಡರೆ ಯಾರಿಗಾದರೂ ಮೊದಲು ಬರುವ ಪ್ರಶ್ನೆ ಒಂದೇ. ಇವರು ಅಂಥದ್ದೇನು ಕಂಡುಹಿಡಿದರು? ಉತ್ತರ ಸ್ವಲ್ಪ ವಿಚಿತ್ರವಾಗಿದೆ. ಈ ಸೈಟೇಶನ್‌ಗಳಲ್ಲಿ ಬಹುದೊಡ್ಡ ಪಾಲು ಬಂದಿರುವುದು ಅವರು ಮಿದುಳಿನ ಬಗ್ಗೆ ಹೇಳಿದ ಯಾವುದೋ ಸತ್ಯಕ್ಕಲ್ಲ, ಬೇರೆಯವರು ಮಿದುಳನ್ನು ನೋಡಲು ಬಳಸುವ ಒಂದು ಸಾಧನಕ್ಕೆ. ಇದು ಗೊತ್ತಾದರೆ ವಿಜ್ಞಾನಿಗಳ ಅಂಕಿಗಳನ್ನು ಓದುವ ರೀತಿಯೇ ಬದಲಾಗುತ್ತದೆ. ಅದಕ್ಕೇ ಈ ಒಂದು ಲೆಕ್ಕವನ್ನು ನಿಧಾನವಾಗಿ ಬಿಚ್ಚಿ ನೋಡೋಣ.

ಮೊದಲು ಅಳತೆಗಳ ವಿಷಯ ಮುಗಿಸಿಬಿಡೋಣ. ಒಂದು ಪೇಪರ್ ಬರೆಯುವಾಗ ಹಿಂದಿನವರ ಯಾವ ಕೆಲಸವನ್ನು ಆಧರಿಸಿದ್ದೇವೆ ಎಂದು ಕೊನೆಯಲ್ಲಿ ಪಟ್ಟಿ ಕೊಡುತ್ತಾರೆ. ಆ ಪಟ್ಟಿಯಲ್ಲಿ ನಿಮ್ಮ ಪೇಪರ್ ಒಂದು ಸಲ ಕಾಣಿಸಿಕೊಂಡರೆ ನಿಮಗೆ ಒಂದು ಸೈಟೇಶನ್. ಇಂಥ ಪಟ್ಟಿಗಳನ್ನೆಲ್ಲ ಒಟ್ಟುಗೂಡಿಸಿ ಸೂಚಿ ಮಾಡಬಹುದು ಅಂತ ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಬರೆದರು. 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರತಂದರು. ಅವರ ಮುಖ್ಯ ಉದ್ದೇಶ ವಿಜ್ಞಾನಿಗಳಿಗೆ ಅಂಕ ಹಾಕುವುದಾಗಿರಲಿಲ್ಲ. ಒಂದು ವಿಚಾರ ಯಾವ ಪೇಪರ್‌ನಿಂದ ಯಾವ ಪೇಪರ್‌ಗೆ ಹರಿದು ಬಂತು ಅಂತ ಹುಡುಕಲು ದಾರಿ ಮಾಡಿಕೊಡುವುದಾಗಿತ್ತು. ಅಂಕ ಹಾಕುವ ಅಭ್ಯಾಸ ಆಮೇಲೆ ಬೆಳೆಯಿತು.

ಎಚ್-ಇಂಡೆಕ್ಸ್ ಇನ್ನೂ ಹೊಸದು. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಅದನ್ನು ಮುಂದಿಟ್ಟರು. ಲೆಕ್ಕ ಸುಲಭ. ನಿಮ್ಮ ಪೇಪರ್‌ಗಳನ್ನು ಸೈಟೇಶನ್ ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಜೋಡಿಸಿ. ಹತ್ತನೇ ಪೇಪರ್‌ಗೆ ಕನಿಷ್ಠ ಹತ್ತು ಸೈಟೇಶನ್ ಇದ್ದು, ಹನ್ನೊಂದನೆಯದಕ್ಕೆ ಹನ್ನೊಂದು ಇಲ್ಲದಿದ್ದರೆ ನಿಮ್ಮ ಎಚ್-ಇಂಡೆಕ್ಸ್ ಹತ್ತು. ಫ್ರಿಸ್ಟನ್ ಅವರದು 250 ದಾಟಿದೆ ಅಂದರೆ ಕನಿಷ್ಠ 250 ಪೇಪರ್‌ಗಳಿಗೆ ತಲಾ 250 ಸೈಟೇಶನ್ ಇದ್ದೇ ಇದೆ. ಅಷ್ಟಕ್ಕೇ 62,500 ಆಯಿತು. ಉಳಿದ ಎರಡೂವರೆ ಲಕ್ಷಕ್ಕೆ ಹತ್ತಿರದ ಸೈಟೇಶನ್‌ಗಳ ಬಗ್ಗೆ ಎಚ್-ಇಂಡೆಕ್ಸ್ ಏನೂ ಹೇಳುವುದಿಲ್ಲ. ಒಬ್ಬರು ಜೀವನದಲ್ಲಿ ಮೂರೇ ಪೇಪರ್ ಬರೆದು, ಮೂರೂ ಲೋಕಪ್ರಸಿದ್ಧವಾದರೂ ಅವರ ಎಚ್-ಇಂಡೆಕ್ಸ್ ಮೂರನ್ನು ದಾಟುವುದಿಲ್ಲ. ವಯಸ್ಸಾದಂತೆ ಇದು ಏರಬಹುದೇ ಹೊರತು ಇಳಿಯುವುದಿಲ್ಲ. ಹತ್ತು ಜನ ಸೇರಿ ಬರೆದರೂ ಹತ್ತೂ ಜನಕ್ಕೆ ಪೂರ್ತಿ ಅಂಕ. ಇವು ಅದರ ಮಿತಿಗಳು. ಹಿರ್ಷ್ ಅವರಿಗೂ ಇವುಗಳಲ್ಲಿ ಬಹಳಷ್ಟು ಗೊತ್ತಿತ್ತು.

ಈಗ ಫ್ರಿಸ್ಟನ್ ಕಡೆಗೆ ಬರೋಣ. 1959ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಹುಟ್ಟಿದರು. ವೈದ್ಯಕೀಯ ಓದಿ ಮನೋವೈದ್ಯರಾದರು. 1990ರ ಸುಮಾರಿಗೆ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಪೆಟ್ ಸ್ಕ್ಯಾನ್ ಬಳಸಿ ಮಿದುಳು ನೋಡುತ್ತಿದ್ದ ತಂಡಕ್ಕೆ ಸೇರಿದರು. ಪೆಟ್ ಸ್ಕ್ಯಾನ್‌ನಲ್ಲಿ ವಿಕಿರಣಶೀಲ ವಸ್ತುವನ್ನು ರಕ್ತಕ್ಕೆ ಸೇರಿಸಿ, ಮಿದುಳಿನ ಯಾವ ಭಾಗಕ್ಕೆ ರಕ್ತ ಜಾಸ್ತಿ ಹರಿಯುತ್ತಿದೆ ಅಂತ ಚಿತ್ರ ತೆಗೆಯುತ್ತಾರೆ. ಚಿತ್ರ ಸಿಗುತ್ತಿತ್ತು. ಅದನ್ನು ಓದುವುದು ಹೇಗೆ ಅನ್ನುವುದೇ ತಲೆನೋವಾಗಿತ್ತು.

ಆ ಕಷ್ಟ ಏನು ಅಂತ ಹತ್ತಿರದಿಂದ ನೋಡೋಣ. ಒಬ್ಬ ಮನುಷ್ಯನನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ ಸ್ವಲ್ಪ ಹೊತ್ತು ಬೆರಳು ಆಡಿಸಲು ಹೇಳುತ್ತೀರಿ, ಸ್ವಲ್ಪ ಹೊತ್ತು ಸುಮ್ನೆ ಇರಲು ಹೇಳುತ್ತೀರಿ. ಬೆರಳು ಆಡಿಸುವಾಗ ಮಿದುಳಿನ ಯಾವ ಜಾಗ ಹೆಚ್ಚು ಕೆಲಸ ಮಾಡಿತು ಅಂತ ತಿಳಿಯಬೇಕು. ಅದಕ್ಕೆ ಆಗ ಸಾಮಾನ್ಯವಾಗಿದ್ದ ದಾರಿ ಇದು: ಸಂಶೋಧಕರು ತಾವೇ ಮೊದಲು ಕೆಲವು ಜಾಗ ಆರಿಸಿ, ಚಿತ್ರದ ಮೇಲೆ ಗೆರೆ ಎಳೆದು, ಅಷ್ಟರೊಳಗಿನ ಸರಾಸರಿ ತೆಗೆಯುವುದು. ನೀವು ಗೆರೆ ಎಳೆಯದ ಜಾಗದಲ್ಲಿ ಏನಾದರೂ ನಡೆದಿದ್ದರೆ ಅದು ಕಾಣುವುದೇ ಇಲ್ಲ. ಜೊತೆಗೆ ಒಬ್ಬೊಬ್ಬರ ತಲೆಯೂ ಒಂದೊಂದು ಆಕಾರ. ನನ್ನ ಮಿದುಳಿನ ಈ ಚುಕ್ಕೆ ನಿಮ್ಮ ಮಿದುಳಿನಲ್ಲಿ ಎಲ್ಲಿದೆ ಅಂತ ಹೇಳುವುದು ಸುಲಭವಲ್ಲ.

ಫ್ರಿಸ್ಟನ್ ಮತ್ತು ಜೊತೆಗಾರರು ತೆಗೆದುಕೊಂಡ ದಾರಿಯೇ ಸ್ಟ್ಯಾಟಿಸ್ಟಿಕಲ್ ಪ್ಯಾರಾಮೆಟ್ರಿಕ್ ಮ್ಯಾಪಿಂಗ್. ಎಲ್ಲರೂ ಎಸ್‌ಪಿಎಂ ಅನ್ನುತ್ತಾರೆ. ಇದರಲ್ಲಿ ಪ್ರತಿಯೊಬ್ಬರ ಮಿದುಳಿನ ಚಿತ್ರವನ್ನೂ ಎಳೆದು, ಒತ್ತಿ, ಒಂದು ಮಾದರಿ ಮಿದುಳಿನ ಅಳತೆಗೆ ಹೊಂದಿಸುತ್ತಾರೆ. ಇಡೀ ಮಿದುಳನ್ನು ಸಣ್ಣ ಸಣ್ಣ ಘನಗಳಾಗಿ ನೋಡುತ್ತಾರೆ. ಒಂದೊಂದು ಘನಕ್ಕೂ ವಾಕ್ಸೆಲ್ ಅಂತ ಹೆಸರು. ಇಡೀ ಮಿದುಳಿಗೆ ಇಂಥ ಘನಗಳು ಸುಲಭವಾಗಿ ಲಕ್ಷದ ಆಸುಪಾಸು ಆಗುತ್ತವೆ. ಪ್ರತಿ ಘನದಲ್ಲೂ ಒಂದೇ ಪ್ರಶ್ನೆ: ಬೆರಳು ಆಡಿಸಿದಾಗಿನ ಸಂಕೇತ, ಸುಮ್ಮನಿದ್ದಾಗಿನ ಸಂಕೇತಕ್ಕಿಂತ ನಿಜವಾಗಿ ಜಾಸ್ತಿ ಇದೆಯಾ, ಅಥವಾ ಅಳತೆಯ ಏರುಪೇರಿನಿಂದ ಹಾಗೆ ಕಾಣುತ್ತಿದೆಯಾ? ಪ್ರತಿ ಘನಕ್ಕೂ ಒಂದು ಅಂಕ ಸಿಗುತ್ತದೆ. ಆ ಅಂಕಗಳನ್ನೆಲ್ಲ ಮತ್ತೆ ಮಿದುಳಿನ ಆಕಾರದಲ್ಲೇ ಜೋಡಿಸಿದರೆ ಒಂದು ನಕ್ಷೆ. ಪತ್ರಿಕೆಗಳಲ್ಲಿ ಬೂದು ಮಿದುಳಿನ ಮೇಲೆ ಕೆಂಪು, ಹಳದಿ ಮಚ್ಚೆಗಳ ಚಿತ್ರ ನೋಡಿರುತ್ತೀರಿ, ಅಲ್ವಾ? ಅದು ಮಿದುಳಿನ ಫೋಟೋ ಅಲ್ಲ. ಇಂಥ ಲೆಕ್ಕದ ನಕ್ಷೆ.

ಇದು ಒಬ್ಬರ ಕೆಲಸವೂ ಅಲ್ಲ. ಲಕ್ಷ ಘನಗಳಲ್ಲಿ ಲಕ್ಷ ಸಲ ಪರೀಕ್ಷೆ ಮಾಡಿದಾಗ ಬರುವ ತಪ್ಪುಗಳನ್ನು ತಡೆಯುವ ಗಣಿತವನ್ನು ಕೊಟ್ಟವರಲ್ಲಿ ಮುಖ್ಯರು ಮಾಂಟ್ರಿಯಲ್‌ನ ಸಂಖ್ಯಾಶಾಸ್ತ್ರಜ್ಞ ಕೀತ್ ವರ್ಸ್ಲಿ. ಚಿತ್ರಗಳನ್ನು ಹೊಂದಿಸುವ ಕೆಲಸದಲ್ಲಿ ಜಾನ್ ಆಶ್‌ಬರ್ನರ್ ಅವರ ಪಾಲು ದೊಡ್ಡದು. ಆದರೆ ಇದನ್ನೆಲ್ಲ ಒಂದೇ ಚೌಕಟ್ಟಿಗೆ ತಂದು, ತಂತ್ರಾಂಶವಾಗಿ ಬರೆದು, ಕೇಳಿದವರಿಗೆಲ್ಲ ಉಚಿತವಾಗಿ ಕೊಟ್ಟಿದ್ದು ಫ್ರಿಸ್ಟನ್ ಅವರ ದೊಡ್ಡ ನಿರ್ಧಾರ. ಸೈಟೇಶನ್‌ಗಳ ಪ್ರವಾಹ ಶುರುವಾದದ್ದು ಅಲ್ಲಿಂದ ಅಂತ ನನ್ನ ಅನಿಸಿಕೆ. ದುಡ್ಡು ಕೊಟ್ಟು ಕೊಳ್ಳಬೇಕಾಗಿದ್ದರೆ ಜಗತ್ತಿನ ಸಣ್ಣ ಪುಟ್ಟ ಪ್ರಯೋಗಾಲಯಗಳಿಗೆ ಅದು ತಲುಪುತ್ತಿರಲಿಲ್ಲ. ಅದೇ ಹೊತ್ತಿಗೆ, 1990ರ ದಶಕದ ಮೊದಲಲ್ಲಿ, ವಿಕಿರಣಶೀಲ ವಸ್ತು ಬೇಡದ, ಆಯಸ್ಕಾಂತ ಬಳಸಿ ಮಿದುಳಿನ ಚಟುವಟಿಕೆಯ ಚಿತ್ರ ತೆಗೆಯುವ ಎಫ್‌ಎಂಆರ್‌ಐ ಬಂತು. ಸ್ಕ್ಯಾನರ್ ಇರುವ ಪ್ರತಿ ಊರಲ್ಲೂ ಮಿದುಳಿನ ಪ್ರಯೋಗ ಸಾಧ್ಯವಾಯಿತು. ಎಸ್‌ಪಿಎಂ ಆಗಲೇ ಕೈಗೆಟುಕುವಂತೆ ಇತ್ತು. ಬೆಂಗಳೂರಿನ ನಿಮ್ಹಾನ್ಸ್‌ನಿಂದ ಬಂದ ಮಿದುಳು ಚಿತ್ರಣದ ಪೇಪರ್‌ಗಳಲ್ಲೂ ಎಸ್‌ಪಿಎಂ ಹೆಸರು ಸಿಗುತ್ತದೆ.

ಅಂಥ ಒಂದು ಪೇಪರ್ ತೆಗೆದು, ವಿಧಾನ ವಿವರಿಸುವ ಭಾಗಕ್ಕೆ ಹೋಗಿ. 'ದತ್ತಾಂಶವನ್ನು ಎಸ್‌ಪಿಎಂ ಬಳಸಿ ವಿಶ್ಲೇಷಿಸಲಾಯಿತು' ಎಂಬ ಅರ್ಥದ ಒಂದು ಸಾಲು ಇರುತ್ತದೆ. ಪಕ್ಕದಲ್ಲೇ ಫ್ರಿಸ್ಟನ್ ಹೆಸರು, ವರ್ಷ. ಸೈಟೇಶನ್ ಬಂದದ್ದು ಆ ಸಾಲಿನಿಂದ. ಪೇಪರ್ ಬರೆದವರು ಸ್ಕಿಜೋಫ್ರೇನಿಯಾ ಬಗ್ಗೆ ಬರೆದಿರಬಹುದು, ಸಂಗೀತ ಕೇಳುವುದರ ಬಗ್ಗೆ ಬರೆದಿರಬಹುದು. ಫ್ರಿಸ್ಟನ್ ಅವರ ಯಾವ ವಿಚಾರವನ್ನೂ ಚರ್ಚಿಸಿರಬೇಕಾಗಿಲ್ಲ. ಮನೆ ಕಟ್ಟುವ ಪ್ರತಿ ಮೇಸ್ತ್ರಿಯ ಕೈಯಲ್ಲೂ ರಸಮಟ್ಟ ಇರುತ್ತದೆ. ಊರಿನ ಗೋಡೆಗಳೆಲ್ಲ ನೇರವಾಗಿ ನಿಂತಿರುವುದಕ್ಕೆ ಅದು ಬೇಕೇ ಬೇಕು, ಆದರೆ ಯಾವ ಮನೆಯ ನಕ್ಷೆಯನ್ನೂ ರಸಮಟ್ಟ ಮಾಡಿದವರು ಬರೆದಿಲ್ಲ. ಫ್ರಿಸ್ಟನ್ ಲೆಕ್ಕದ ದೊಡ್ಡ ಭಾಗ ಇಂಥದ್ದು. ಇದನ್ನು ಕಡಿಮೆ ಅಂತ ಹೇಳುತ್ತಿಲ್ಲ. ಒಂದು ಇಡೀ ಕ್ಷೇತ್ರಕ್ಕೆ ಸಾಮಾನ್ಯ ಅಳತೆ ಕೊಡುವುದು ಎಷ್ಟೋ ಸಂಶೋಧನೆಗಳಿಗಿಂತ ದೊಡ್ಡ ಕೆಲಸ. ಅದು ಬೇರೆ ಜಾತಿಯ ಕೆಲಸ, ಅಷ್ಟೇ.

ಇದೇ ಗುಂಪಿಗೆ ಸೇರುವ ಇನ್ನೊಂದು ವಿಧಾನ ವಾಕ್ಸೆಲ್-ಬೇಸ್ಡ್ ಮಾರ್ಫೋಮೆಟ್ರಿ. ಆಶ್‌ಬರ್ನರ್ ಮತ್ತು ಫ್ರಿಸ್ಟನ್ ಅದನ್ನು 2000ದಲ್ಲಿ ವಿವರವಾಗಿ ಬರೆದರು. ಮಿದುಳಿನ ಯಾವ ಭಾಗದಲ್ಲಿ ಅಂಗಾಂಶ ಜಾಸ್ತಿ, ಯಾವುದರಲ್ಲಿ ಕಡಿಮೆ ಅಂತ ಘನ ಘನವಾಗಿ ಹೋಲಿಸುವ ವಿಧಾನ ಅದು. ಲಂಡನ್ ಟ್ಯಾಕ್ಸಿ ಚಾಲಕರ ಪ್ರಸಿದ್ಧ ಅಧ್ಯಯನ ಕೇಳಿರಬಹುದು. ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಪಾಸಾದ 16 ಚಾಲಕರ ಮಿದುಳಿನಲ್ಲಿ, ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಬೇರೆಯವರದಕ್ಕಿಂತ ದೊಡ್ಡದಿತ್ತು. ಎಲೆನರ್ ಮಗ್ವೈರ್ ಮತ್ತು ತಂಡದವರು 2000ದಲ್ಲಿ ಇದನ್ನು ತೋರಿಸಿದ್ದು ಇದೇ ವಿಧಾನದಿಂದ. ಆ ಪೇಪರ್‌ನ ಲೇಖಕರಲ್ಲಿ ಫ್ರಿಸ್ಟನ್ ಇಲ್ಲ. ಚಾಲಕರ ಕಥೆ ಮಗ್ವೈರ್ ಅವರದು. ವಿಧಾನದ ಲೆಕ್ಕ ಆಶ್‌ಬರ್ನರ್, ಫ್ರಿಸ್ಟನ್ ಖಾತೆಗೆ.

ಸಾಧನದ ಪೇಪರ್‌ಗಳು ಸೈಟೇಶನ್‌ನಲ್ಲಿ ಮೇಲೆ ಬರುವುದು ನರವಿಜ್ಞಾನದ ವಿಶೇಷವೂ ಅಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ಉಲ್ಲೇಖಗೊಂಡ ಪೇಪರ್‌ಗಳಲ್ಲಿ ಒಂದು 1951ರಲ್ಲಿ ಆಲಿವರ್ ಲೌರಿ ಬರೆದದ್ದು. ಅದಕ್ಕೆ ಮೂರು ಲಕ್ಷಕ್ಕಿಂತ ಹೆಚ್ಚು ಸೈಟೇಶನ್ ಇದೆ. ಒಂದು ದ್ರಾವಣದಲ್ಲಿ ಎಷ್ಟು ಪ್ರೊಟೀನ್ ಇದೆ ಅಂತ ಅಳೆಯುವ ವಿಧಾನವಷ್ಟೇ ಅದರಲ್ಲಿರುವುದು.

ಸಾಧನ ಎಷ್ಟು ಬಳಕೆಯಾಯಿತು ಅಂತ ಸೈಟೇಶನ್ ಹೇಳುತ್ತದೆ. ಸರಿಯಾಗಿ ಬಳಕೆಯಾಯಿತಾ ಅಂತ ಹೇಳುವುದಿಲ್ಲ. ಇದಕ್ಕೆ ಮಿದುಳು ಚಿತ್ರಣದ ಇತಿಹಾಸದಲ್ಲೇ ಎರಡು ಒಳ್ಳೆಯ ಉದಾಹರಣೆಗಳಿವೆ.

ಮೊದಲನೆಯದು ಸತ್ತ ಮೀನಿನ ಪ್ರಯೋಗ. ಕ್ರೇಗ್ ಬೆನೆಟ್ ಮತ್ತು ಜೊತೆಗಾರರು ಸತ್ತ ಸಾಲ್ಮನ್ ಮೀನೊಂದನ್ನು ಎಫ್‌ಎಂಆರ್‌ಐ ಸ್ಕ್ಯಾನರ್‌ನಲ್ಲಿ ಇಟ್ಟರು. ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿ, ಈ ವ್ಯಕ್ತಿಗೆ ಏನನ್ನಿಸುತ್ತಿರಬಹುದು ಅಂತ ಕೇಳಿದರು. ವಿಶ್ಲೇಷಣೆ ಮಾಡಿದರೆ ಮೀನಿನ ಮಿದುಳಿನಲ್ಲಿ ಕೆಲವು ಘನಗಳು 'ಚಟುವಟಿಕೆ' ತೋರಿಸಿದವು! ಕಾರಣ ಸರಳ. ನೂರರಲ್ಲಿ ಐದು ಸಲ ತಪ್ಪಾಗಬಹುದಾದ ಪರೀಕ್ಷೆಯನ್ನು ಲಕ್ಷ ಘನಗಳಲ್ಲಿ ಮಾಡಿದರೆ, ಏನೂ ಇಲ್ಲದಿದ್ದರೂ ಐದು ಸಾವಿರ ಘನಗಳು ಹೌದು ಅನ್ನುತ್ತವೆ. ಮಿತಿಯನ್ನು ಇನ್ನೂ ಬಿಗಿ ಮಾಡಿದರೂ ಕೆಲವು ಉಳಿದೇ ಉಳಿಯುತ್ತವೆ. ಅಷ್ಟೊಂದು ಪರೀಕ್ಷೆ ಮಾಡಿದ್ದೇವೆ ಅನ್ನುವುದನ್ನು ಲೆಕ್ಕಕ್ಕೆ ತಂದು ತಿದ್ದಿದಾಗ ಮೀನಿನ ಚಟುವಟಿಕೆ ಪೂರ್ತಿ ಮಾಯವಾಯಿತು. ಹೀಗೆ ತಿದ್ದುವ ವ್ಯವಸ್ಥೆ ಎಸ್‌ಪಿಎಂನಲ್ಲಿ ಮೊದಲಿಂದಲೂ ಇತ್ತು. ಆದರೆ ತಿದ್ದದೆ ಪ್ರಕಟಿಸುವವರು ಆಗ ಕಡಿಮೆ ಏನಿರಲಿಲ್ಲ. ಅವರ ಪೇಪರ್‌ಗಳಿಂದ ಬಂದ ಸೈಟೇಶನ್‌ಗೂ ಒಂದೇ ತೂಕ. 2009ರಲ್ಲಿ ಸಮ್ಮೇಳನದ ಪೋಸ್ಟರ್ ಆಗಿ ಬಂದ ಈ ಕೆಲಸಕ್ಕೆ 2012ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಸಿಕ್ಕಿತು. ನಗಿಸುವ ಪ್ರಯೋಗವಾದರೂ ಕ್ಷೇತ್ರವನ್ನು ಎಚ್ಚರಿಸಿದ ರೀತಿ ಗಂಭೀರವಾಗಿತ್ತು.

ಎರಡನೆಯದು 2016ರದು. ಆಂಡರ್ಸ್ ಎಕ್ಲುಂಡ್, ಥಾಮಸ್ ನಿಕೋಲ್ಸ್, ಹಾನ್ಸ್ ಕ್ನುಟ್ಸನ್ ಮೂವರು ಸೇರಿ, ಸುಮ್ಮನೆ ಮಲಗಿದ್ದ 499 ಆರೋಗ್ಯವಂತರ ಸ್ಕ್ಯಾನ್‌ಗಳನ್ನು ತೆಗೆದುಕೊಂಡು 30 ಲಕ್ಷ ಹುಸಿ ವಿಶ್ಲೇಷಣೆ ನಡೆಸಿದರು. ನಿಜದಲ್ಲಿ ಯಾವ ಕೆಲಸವೂ ಇಲ್ಲದ್ದರಿಂದ ತಪ್ಪು ಫಲಿತಾಂಶ ನೂರಕ್ಕೆ ಐದು ಬರಬೇಕಿತ್ತು. ಎಸ್‌ಪಿಎಂ ಸೇರಿದಂತೆ ಪ್ರಮುಖ ತಂತ್ರಾಂಶಗಳಲ್ಲಿ, ಕೆಲವು ಆಯ್ಕೆಗಳನ್ನು ಬಳಸಿದಾಗ ಅದು ನೂರಕ್ಕೆ 70ರವರೆಗೂ ಹೋಯಿತು. ಸಮಸ್ಯೆ ಇದ್ದದ್ದು ಅಕ್ಕಪಕ್ಕದ ಘನಗಳ ಗುಂಪನ್ನು ಒಟ್ಟಾಗಿ ಪರೀಕ್ಷಿಸುವ ವಿಧಾನದಲ್ಲಿ. ಫ್ರಿಸ್ಟನ್ ಮತ್ತು ಗಿಯೋಮ್ ಫ್ಲಾಂಡಾ ಉತ್ತರ ಕೊಟ್ಟರು: ಗುಂಪು ಮಾಡುವ ಮಿತಿಯನ್ನು ಸಡಿಲ ಬಿಟ್ಟರೆ ತೊಂದರೆ ಬರುತ್ತದೆ, ಎಸ್‌ಪಿಎಂ ತಾನಾಗಿ ಕೊಡುವ ಬಿಗಿ ಮಿತಿಯಲ್ಲಿ ಫಲಿತಾಂಶ ಸರಿಯಾಗೇ ಇರುತ್ತದೆ. 40,000 ಅಧ್ಯಯನಗಳು ಅನುಮಾನಕ್ಕೆ ಸಿಕ್ಕಿವೆ ಅನ್ನುವ ಮಾತು ಆಗ ಸುದ್ದಿಯಲ್ಲಿ ಹರಡಿತು. ಲೇಖಕರೇ ಆಮೇಲೆ ಅದನ್ನು ತಿದ್ದಿ, ಅಂದಾಜು 3,500ಕ್ಕೆ ಇಳಿಸಿದರು. ವಿಮರ್ಶಿಸಿದವರಲ್ಲಿ ಒಬ್ಬರಾದ ನಿಕೋಲ್ಸ್ ಸ್ವತಃ ಎಸ್‌ಪಿಎಂ ಬೆಳೆಸುವುದರಲ್ಲಿ ಕೈಜೋಡಿಸಿದ್ದವರು. ಒಳಗಿನವರೇ ಇಷ್ಟು ಕಟುವಾಗಿ ಪರೀಕ್ಷಿಸಿದ್ದನ್ನು ನಾನು ಈ ಕ್ಷೇತ್ರದ ಆರೋಗ್ಯದ ಲಕ್ಷಣ ಅಂದುಕೊಳ್ಳುತ್ತೇನೆ. ಇನ್ನೊಂದು ಮಾತು: ಎಸ್‌ಪಿಎಂ ತಪ್ಪು ಕೊಡಬಹುದು ಅಂತ ಬರೆಯುವವರೂ ಮೂಲ ಪೇಪರ್ ಉಲ್ಲೇಖಿಸಲೇಬೇಕು. ಹಾಗಾಗಿ ಟೀಕೆಯೂ ಎಣಿಕೆಯನ್ನು ಏರಿಸುತ್ತದೆ.

ಈ ಮಾತು ಫ್ರಿಸ್ಟನ್ ಅವರ ಎರಡನೇ ಮುಖಕ್ಕೆ ಇನ್ನೂ ಚೆನ್ನಾಗಿ ಹೊಂದುತ್ತದೆ. 2005ರ ನಂತರ ಅವರು ಫ್ರೀ ಎನರ್ಜಿ ಪ್ರಿನ್ಸಿಪಲ್ ಎಂಬ ಸಿದ್ಧಾಂತದ ಮೇಲೆ ಒಂದರ ಹಿಂದೆ ಒಂದು ಪೇಪರ್ ಬರೆಯುತ್ತಾ ಬಂದಿದ್ದಾರೆ. ಅದರ ತಿರುಳು ಇಷ್ಟು: ಮಿದುಳು ಮುಂದೆ ಏನು ಬರಲಿದೆ ಅಂತ ಸದಾ ಊಹಿಸುತ್ತಿರುತ್ತದೆ. ಕಣ್ಣು, ಕಿವಿಯಿಂದ ಬರುವ ಸುದ್ದಿ ಊಹೆಗೆ ಹೊಂದದಿದ್ದರೆ, ಒಂದೋ ಊಹೆಯನ್ನು ತಿದ್ದಿಕೊಳ್ಳುತ್ತದೆ, ಇಲ್ಲವೇ ಕೈಕಾಲು ಆಡಿಸಿ ಜಗತ್ತನ್ನೇ ಊಹೆಗೆ ಹೊಂದಿಸುತ್ತದೆ. ಗ್ರಹಿಕೆ, ಕಲಿಕೆ, ಚಲನೆ ಎಲ್ಲವೂ ಅಚ್ಚರಿಯನ್ನು ಕಡಿಮೆ ಮಾಡಿಕೊಳ್ಳುವ ಒಂದೇ ಕೆಲಸದ ಬೇರೆ ಬೇರೆ ರೂಪ. ಇದರ ಒಂದು ಬೇರು 19ನೇ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್‌ವರೆಗೆ ಹೋಗುತ್ತದೆ. ಫ್ರಿಸ್ಟನ್ 2010ರಲ್ಲಿ ನೇಚರ್ ರಿವ್ಯೂಸ್ ನ್ಯೂರೋಸೈನ್ಸ್‌ನಲ್ಲಿ ಬರೆದ ಇದರ ವಿವರಣೆಯನ್ನು ಸಾವಿರಾರು ಜನ ಉಲ್ಲೇಖಿಸಿದ್ದಾರೆ.

ಆ ಸಾವಿರಾರು ಜನರಲ್ಲಿ ಒಪ್ಪುವವರಿದ್ದಾರೆ, ಬೇರೆ ಕ್ಷೇತ್ರಕ್ಕೆ ಒಯ್ಯುವವರಿದ್ದಾರೆ, ಇದನ್ನು ತಪ್ಪು ಅಂತ ಸಾಬೀತು ಮಾಡುವ ದಾರಿಯೇ ಇಲ್ಲ, ಹಾಗಾದರೆ ಇದು ವಿಜ್ಞಾನವೇ ಅಂತ ಕೇಳುವವರೂ ಇದ್ದಾರೆ. ಫ್ರಿಸ್ಟನ್ ಉತ್ತರ, ಇದು ತತ್ವ, ಪರೀಕ್ಷೆ ಮಾಡಬೇಕಾದದ್ದು ಇದರಿಂದ ಹುಟ್ಟುವ ಮಾದರಿಗಳನ್ನು ಅಂತ. ಈ ವಾದ ಇನ್ನೂ ಮುಗಿದಿಲ್ಲ. ಎಸ್‌ಪಿಎಂ ಸೈಟೇಶನ್ 'ಬಳಸಿದೆವು' ಅಂದರೆ, ಇಲ್ಲಿನ ಸೈಟೇಶನ್ 'ಇದರ ಬಗ್ಗೆ ಮಾತಾಡುತ್ತಿದ್ದೇವೆ' ಅನ್ನುತ್ತದೆ. ಒಟ್ಟು ಮೊತ್ತದಲ್ಲಿ ಎರಡೂ ಕಲಸಿಹೋಗಿರುತ್ತವೆ.

ಒಬ್ಬರು ಸಾವಿರ ಪೇಪರ್ ಬರೆಯಲು ಸಾಧ್ಯವಾ ಅಂತಲೂ ಕೇಳಬಹುದು. ಬಹುಪಾಲು ಪೇಪರ್‌ಗಳಲ್ಲಿ ಅವರು ಹಲವರಲ್ಲಿ ಒಬ್ಬರು. ನರವಿಜ್ಞಾನದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯ ಹೆಸರು ಪ್ರಯೋಗಾಲಯದ ಹಿರಿಯರದು. ನಡುವಿನ ಹೆಸರುಗಳ ಪಾಲು ಎಷ್ಟು ಅಂತ ಹೊರಗಿನವರಿಗೆ ತಿಳಿಯುವುದು ಕಷ್ಟ.

ಈ ಅಂಕಿಗಳ ಇನ್ನೊಂದು ತುದಿಯಲ್ಲಿ ಬ್ರೆಂಡಾ ಮಿಲ್ನರ್ ಇದ್ದಾರೆ. 1918ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿ, ಕೆನಡಾದ ಮಾಂಟ್ರಿಯಲ್‌ನಲ್ಲಿ ಕೆಲಸ ಮಾಡಿದವರು. ಅಪಸ್ಮಾರ ತಡೆಯಲೆಂದು 1953ರಲ್ಲಿ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನ ಮಿದುಳಿನ ಎರಡೂ ಬದಿಯಿಂದ ಹಿಪ್ಪೊಕ್ಯಾಂಪಸ್ ಭಾಗವನ್ನು ತೆಗೆದಿದ್ದರು. ಆಮೇಲೆ ಅವನಿಗೆ ಹೊಸದೇನೂ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಮಿಲ್ನರ್ ರೈಲು ಹತ್ತಿ ಅಮೆರಿಕದ ಹಾರ್ಟ್‌ಫರ್ಡ್‌ಗೆ ಹೋಗಿ ಅವನನ್ನು ಪರೀಕ್ಷಿಸುತ್ತಿದ್ದರು. ಒಂದು ಪರೀಕ್ಷೆಯಲ್ಲಿ ಕೈಯನ್ನು ನೇರವಾಗಿ ನೋಡದೆ, ಕನ್ನಡಿಯಲ್ಲಿ ಮಾತ್ರ ನೋಡುತ್ತಾ, ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕಿತ್ತು. ಮೊದಲ ದಿನ ಗೆರೆ ತಪ್ಪುತ್ತಲೇ ಇತ್ತು. ಮೂರನೇ ದಿನಕ್ಕೆ ಸಲೀಸಾಗಿ ಮಾಡಿದ. ಆದರೆ ಇದನ್ನು ಹಿಂದೆ ಮಾಡಿದ್ದೇನೆ ಅನ್ನುವ ನೆನಪು ಅವನಿಗೆ ಯಾವ ದಿನವೂ ಇರಲಿಲ್ಲ. ಅಂದರೆ ಘಟನೆಗಳ ನೆನಪು ಬೇರೆ, ಕೈಗೆ ಬಂದ ಕೆಲಸದ ನೆನಪು ಬೇರೆ. ಇವತ್ತು ಇದು ಪಠ್ಯಪುಸ್ತಕದ ಮಾತು.

ಶಸ್ತ್ರಚಿಕಿತ್ಸಕ ವಿಲಿಯಂ ಸ್ಕೋವಿಲ್ ಜೊತೆ ಮಿಲ್ನರ್ 1957ರಲ್ಲಿ ಬರೆದ ಪೇಪರ್‌ಗೆ ಸಾವಿರಾರು ಸೈಟೇಶನ್ ಇದೆ. ಆದರೂ ಮಿಲ್ನರ್ ಅವರ ಒಟ್ಟು ಲೆಕ್ಕ ಫ್ರಿಸ್ಟನ್ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ. ಒಂದು ಕಾರಣ, ಆ ಕಾಲದಲ್ಲಿ ಪೇಪರ್ ಬರೆಯುವವರೇ ಕಡಿಮೆ ಇದ್ದರು. ಇನ್ನೊಂದು ಕಾರಣ ನನಗೆ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಒಂದು ಸತ್ಯ ಎಲ್ಲರಿಗೂ ಗೊತ್ತಾದ ಮೇಲೆ ಅದಕ್ಕೆ ಉಲ್ಲೇಖ ಕೊಡುವುದನ್ನೇ ಬಿಡುತ್ತಾರೆ. ಹಿಪ್ಪೊಕ್ಯಾಂಪಸ್ ಇಲ್ಲದೆ ಹೊಸ ನೆನಪು ಕಟ್ಟಲಾಗದು ಅಂತ ಬರೆಯುವಾಗ ಈಗ ಎಷ್ಟೋ ಜನ ಮಿಲ್ನರ್ ಹೆಸರು ಹಾಕುವುದಿಲ್ಲ. ಪ್ರಭಾವ ಬೆಳೆಯುತ್ತಾ ಹೋಗುತ್ತದೆ, ಎಣಿಕೆ ನಿಲ್ಲುತ್ತದೆ.

ನಮ್ಮಲ್ಲಿ ಈ ಅಂಕಿಗಳು ಸುದ್ದಿಯಾಗುವುದು ಸಾಮಾನ್ಯವಾಗಿ 'ವಿಶ್ವದ ಅಗ್ರ ಶೇ. 2 ವಿಜ್ಞಾನಿಗಳ ಪಟ್ಟಿ' ಬಂದಾಗ. ನಮ್ಮ ಜಿಲ್ಲೆಯ ಪ್ರಾಧ್ಯಾಪಕರ ಹೆಸರು ಬಂದರೆ ಸಂತೋಷವೇ. ಇದನ್ನು ಸ್ಟ್ಯಾನ್‌ಫರ್ಡ್ ಪಟ್ಟಿ ಅನ್ನುತ್ತಾರೆ, ಆದರೆ ಮಾಡುವುದು ಅಲ್ಲಿನ ಜಾನ್ ಅಯೊನಿಡಿಸ್ ಮತ್ತು ಜೊತೆಗಾರರು, ಪೇಪರ್, ಸೈಟೇಶನ್‌ಗಳ ಲೆಕ್ಕ ಇಡುವ ಸ್ಕೋಪಸ್ ಎಂಬ ತಾಣದ ದತ್ತಾಂಶದಿಂದ. ಇಡೀ ವೃತ್ತಿಜೀವನಕ್ಕೆ ಒಂದು ಪಟ್ಟಿ, ಒಂದೇ ವರ್ಷಕ್ಕೆ ಇನ್ನೊಂದು. ಯಾವುದರಲ್ಲಿ ಹೆಸರಿದೆ ಅಂತ ಸುದ್ದಿಯಲ್ಲಿ ಅನೇಕ ಸಲ ಇರುವುದೇ ಇಲ್ಲ. ಪಟ್ಟಿ ಮಾಡಿದವರು ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. ಎಷ್ಟು ಜನ ಸೇರಿ ಬರೆದದ್ದು, ಮೊದಲ ಅಥವಾ ಕೊನೆಯ ಲೇಖಕರಾಗಿದ್ದರಾ ಅನ್ನುವುದನ್ನು ಲೆಕ್ಕಕ್ಕೆ ತರುತ್ತಾರೆ. ತಮ್ಮದೇ ಪೇಪರ್‌ಗಳನ್ನು ತಾವೇ ಉಲ್ಲೇಖಿಸಿದ್ದು ಎಷ್ಟು ಪಾಲು ಅಂತಲೂ ತೋರಿಸುತ್ತಾರೆ.

ಅಧ್ಯಾಪಕರ ಬಡ್ತಿಗೆ ಪೇಪರ್ ಮುಂತಾದವುಗಳ ಅಂಕ ಎಣಿಸುವ ಪದ್ಧತಿಯನ್ನು ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ಮಾಡುವ ಯುಜಿಸಿ 2010ರಲ್ಲಿ ತಂದ ಮೇಲೆ, ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳಿಗೆ ನಮ್ಮ ದೇಶದಲ್ಲಿ ಒಳ್ಳೆಯ ಗಿರಾಕಿ ಸಿಕ್ಕಿತು. ಪಿಎಚ್‌ಡಿಗೆ ಪೇಪರ್ ಕಡ್ಡಾಯ ಅನ್ನುವ ನಿಯಮವನ್ನು 2022ರಲ್ಲಿ ಕೈಬಿಟ್ಟರು. ವಿದ್ಯಾರ್ಥಿಗಳ ಮೇಲಿನ ಒತ್ತಡ ಇಳಿಯಲು ಅದು ಬೇಕಿತ್ತು ಅಂತ ನಾನು ನಂಬುತ್ತೇನೆ.

ಯಾವುದೇ ವಿಜ್ಞಾನಿಯ ಗೂಗಲ್ ಸ್ಕಾಲರ್ ಪುಟ ತೆರೆದಾಗ ಮೇಲಿನ ದೊಡ್ಡ ಅಂಕಿಯಲ್ಲೇ ನಿಲ್ಲಬೇಡಿ. ಕೆಳಗೆ ಹೆಚ್ಚು ಸೈಟೇಶನ್ ಇರುವ ಮೊದಲ ಐದು ಪೇಪರ್‌ಗಳ ಶೀರ್ಷಿಕೆ ಓದಿ: ಅವು ಕಂಡುಹಿಡಿದದ್ದಾ, ವಿಧಾನವಾ, ಬೇರೆಯವರ ಕೆಲಸದ ವಿಮರ್ಶೆಯಾ? ಲೇಖಕರ ಸಾಲಿನಲ್ಲಿ ಅವರ ಹೆಸರು ಎಲ್ಲಿದೆ? ಆಮೇಲೆ ವರ್ಷದ ಪ್ರಕಾರ ಜೋಡಿಸಿ, ಈಗ ಏನು ಮಾಡುತ್ತಿದ್ದಾರೆ ಅಂತ ನೋಡಿ. ಗೂಗಲ್ ಸ್ಕಾಲರ್ ಪ್ರಬಂಧ, ಪುಸ್ತಕದ ಅಧ್ಯಾಯ, ಇನ್ನೂ ಜರ್ನಲ್‌ನಲ್ಲಿ ಬರದ ಕರಡು ಎಲ್ಲವನ್ನೂ ಎಣಿಸುವುದರಿಂದ ಅಲ್ಲಿನ ಅಂಕಿ ಸ್ಕೋಪಸ್ ಅಥವಾ ವೆಬ್ ಆಫ್ ಸೈನ್ಸ್‌ಗಿಂತ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ಇಬ್ಬರನ್ನು ಹೋಲಿಸುವುದಾದರೆ ಒಂದೇ ತಾಣದ ಅಂಕಿಯನ್ನೇ ತೆಗೆದುಕೊಳ್ಳಿ. ಕೊನೆಗೆ, ಉಲ್ಲೇಖಿಸಿದವರ ಪಟ್ಟಿಯ ಮೇಲೆ ಒತ್ತಿ, ಎರಡು ಮೂರು ಪೇಪರ್ ತೆರೆದು, ಆ ಹೆಸರು ಯಾವ ಸಾಲಿನಲ್ಲಿ ಬಂದಿದೆ ಅಂತ ಹುಡುಕಿ ಓದಿ.